ಕಾಂಕ್ರೀಟ್ ಬಂದರಿಗಿಂತ ಜಾಸ್ತಿ ದುಡಿದವರು

ಜೂನ್ 6 ಬಂತೆಂದರೆ ನಾರ್ಮಂಡಿಯ ಫೋಟೋಗಳು ಶುರುವಾಗುತ್ತವೆ. 1944ರಲ್ಲಿ, ಎರಡನೇ ಮಹಾಯುದ್ಧದಲ್ಲಿ, ಅಮೆರಿಕ, ಬ್ರಿಟನ್, ಕೆನಡಾದ ಸೈನಿಕರು ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನ ಈ ಕಡಲತೀರಕ್ಕೆ ಇಳಿದ ದಿನ ಅದು. ಅರೋಮಾಂಶ್ ಕಡಲಲ್ಲಿ ಇವತ್ತಿಗೂ ನಿಂತಿರುವ ಕಾಂಕ್ರೀಟ್ ತುಂಡುಗಳ ಫೋಟೋ ಹಾಕಿ, ಈ ಕೃತಕ ಬಂದರಿನಿಂದಲೇ ಯುದ್ಧ ಗೆದ್ದರು ಅಂತ ಬರೆಯುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ.

ಸೈನಿಕರನ್ನು ದಡಕ್ಕೆ ಇಳಿಸಿದರೆ ಕೆಲಸ ಮುಗಿಯುವುದಿಲ್ಲ. ಮದ್ದುಗುಂಡು, ಪೆಟ್ರೋಲ್, ಊಟ, ಔಷಧಿ ದಿನಾ ಬರುತ್ತಲೇ ಇರಬೇಕು. ಅದಕ್ಕೆ ಬಂದರು ಬೇಕು. ಬಂದರಿಗೇ ನೇರವಾಗಿ ನುಗ್ಗಿದರೆ ಏನಾಗುತ್ತದೆ ಅನ್ನುವುದು 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ದಿಯೆಪ್ ಬಂದರಿನಲ್ಲಿ ಗೊತ್ತಾಗಿತ್ತು. ಅಲ್ಲಿಗೆ ಹೋದ ಸುಮಾರು 5000 ಕೆನಡಾ ಸೈನಿಕರಲ್ಲಿ 900ಕ್ಕೂ ಹೆಚ್ಚು ಜನ ಸತ್ತರು.

ಹಾಗಾಗಿ ಬಂದರನ್ನೇ ಕಟ್ಟಿ ಎಳೆದುಕೊಂಡು ಹೋದರು. ಹೆಸರು ಮಲ್ಬೆರಿ. ತೇಲುವ ಕಟ್ಟೆ ಬೇಕು, ಅದು ಉಬ್ಬರ ಇಳಿತದ ಜೊತೆ ಏರಿಳಿಯಬೇಕು, ಸುಮ್ನೆ ವಾದ ಮಾಡುತ್ತಾ ಕೂರಬೇಡಿ ಅಂತ ಚರ್ಚಿಲ್ ದಿಯೆಪ್‌ಗೂ ಮೊದಲೇ ಮೌಂಟ್‌ಬ್ಯಾಟನ್‌ಗೆ ಚೀಟಿ ಬರೆದಿದ್ದರು. ಹೌದು, ಆಮೇಲೆ ನಮ್ಮಲ್ಲಿಗೆ ಕೊನೆಯ ವೈಸ್‌ರಾಯ್ ಆಗಿ ಬಂದವರೇ. ನಾರ್ಮಂಡಿಯಲ್ಲಿ ಸಮುದ್ರ ಆರು ಮೀಟರ್‌ಗೂ ಜಾಸ್ತಿ ಏರಿಳಿಯುತ್ತದೆ. ಅದಕ್ಕೇ ಕಟ್ಟೆಗೆ ನಾಲ್ಕು ಉಕ್ಕಿನ ಕಾಲು ಕೊಟ್ಟರು. ಕಾಲು ಸಮುದ್ರದ ತಳದಲ್ಲಿ ಊರಿರುತ್ತದೆ, ಕಟ್ಟೆ ಮಾತ್ರ ನೀರಿನ ಜೊತೆ ಮೇಲೆ ಕೆಳಗೆ ಜಾರುತ್ತದೆ. ಅಲೆ ತಡೆಯಲು ಕಾಂಕ್ರೀಟ್ ಪೆಟ್ಟಿಗೆಗಳು. ದೊಡ್ಡದೊಂದು ಸುಮಾರು 6000 ಟನ್! ಟಗ್ ಬೋಟುಗಳು ಅವನ್ನು ಇಂಗ್ಲೆಂಡಿನಿಂದ ಎಳೆದು ತಂದವು. ಬಂದ ಮೇಲೆ ಒಳಗೆ ನೀರು ಬಿಟ್ಟು ಮುಳುಗಿಸಿದರು. ಎಂಥ ತಲೆ ಅಲ್ವಾ?

ಆದರೆ ಜೂನ್ 19ಕ್ಕೆ ಬಿರುಗಾಳಿ ಬಂತು. ಕಟ್ಟಿದ್ದು ಎರಡು ಮಲ್ಬೆರಿ; ಒಮಾಹಾ ಅನ್ನುವ ಕಡಲತೀರದಲ್ಲಿದ್ದ ಅಮೆರಿಕನ್ನರದ್ದು ಚೂರಾಯಿತು. ಅಲ್ಲಿಗೆ ಅವರ ಕಥೆ ಮುಗಿಯಿತಾ? ಇಲ್ಲ. ಚಪ್ಪಟೆ ತಳದ ಹಡಗುಗಳನ್ನು ಮರಳಿನ ಮೇಲೇ ಕೂರಿಸಿ, ಇಳಿತದಲ್ಲಿ ಮುಂಬಾಗಿಲು ತೆರೆದು ಲಾರಿಗಳನ್ನು ಹೊರಗೆ ಓಡಿಸಿದರು. ಮುಂದಿನ ಉಬ್ಬರಕ್ಕೆ ಹಡಗು ತೇಲಿ ವಾಪಸ್. ಬರಿ ದಡದಲ್ಲಿ ಅವರು ಮೊದಲಿಗಿಂತ ಜಾಸ್ತಿ ಸಾಮಾನು ಇಳಿಸಿದರು. ಸಾಲಾಗಿ ಮುಳುಗಿಸಿದ ಹಳೇ ಹಡಗುಗಳೂ ಅಲೆಗೆ ಅಡ್ಡ ನಿಂತವು. ಅವುಗಳ ಫೋಟೋ ಯಾರೂ ಹಾಕುವುದಿಲ್ಲ.

ಹಾಗಾದರೆ ಮಲ್ಬೆರಿ ದಂಡವಾ? ಖಂಡಿತ ಅಲ್ಲ. ಅರೋಮಾಂಶ್‌ನಲ್ಲಿದ್ದ ಬ್ರಿಟಿಷರದ್ದು ತಿಂಗಳುಗಟ್ಟಲೆ ದುಡಿಯಿತು. ಅದಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಇನ್ಶೂರೆನ್ಸ್ ಇದ್ದಂತೆ, ದೊಡ್ಡ ಬಂದರಿಲ್ಲದ ಕಡೆ ಇಳಿಯುವ ಧೈರ್ಯ ಬಂತು. ಜರ್ಮನರು ಬಂದರುಗಳನ್ನು ಬಿಗಿಯಾಗಿ ಕಾಯುತ್ತಿದ್ದರು. ನಾರ್ಮಂಡಿಯ ಶೆರ್‌ಬೂರ್ ಪಟ್ಟಣ ಕೈತಪ್ಪುವ ಮೊದಲು ಅಲ್ಲಿನ ಬಂದರನ್ನು ಸ್ಫೋಟಿಸಿ ಹಾಳುಗೆಡವಿದರು.

ಆಮೇಲೆ ಸೇನೆ ವೇಗವಾಗಿ ಮುಂದೆ ಓಡಿತು, ಸಾಮಾನು ದಡದಲ್ಲೇ ಉಳಿಯಿತು. ಆಗ ಸಾವಿರಾರು ಲಾರಿಗಳ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಹಗಲು ರಾತ್ರಿ ಓಡಿತು. ಚಾಲಕರಲ್ಲಿ ಹೆಚ್ಚಿನವರು ಕಪ್ಪು ಅಮೆರಿಕನ್ನರು. ಅವರನ್ನು ಬಿಳಿಯರಿಂದ ಬೇರ್ಪಡಿಸಿ ಪ್ರತ್ಯೇಕ ಪಡೆಗಳಲ್ಲೇ ಇಟ್ಟಿದ್ದ ಸೇನೆ ನಡೆದದ್ದು ಅವರ ಸ್ಟೀರಿಂಗ್ ಮೇಲೆ.

ನನಗೆ ಸಿಟ್ಟು ಬರುವುದು ಬೆಲ್ಜಿಯಂನ ಆಂಟ್ವರ್ಪ್ ವಿಷಯಕ್ಕೆ. ಸೆಪ್ಟೆಂಬರ್ 4ಕ್ಕೆ ಆ ಭಾರಿ ಬಂದರು ಹೆಚ್ಚುಕಮ್ಮಿ ಇಡಿಯಾಗಿಯೇ ಸಿಕ್ಕಿತು. ಆದರೆ ಸಮುದ್ರಕ್ಕೆ ಹೋಗುವ ಷೆಲ್ಟ್ ನದಿಯ ದಡಗಳು ಜರ್ಮನರ ಕೈಯಲ್ಲೇ ಇದ್ದವು. ಆದರೆ ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿಯ ಗಮನ ಜರ್ಮನಿಯ ರೈನ್ ನದಿಯ ಕಡೆಗಿತ್ತು. ಮೊದಲ ಹಡಗುಗಳ ತಂಡ ಒಳಗೆ ಬಂದದ್ದು ನವೆಂಬರ್ 28ಕ್ಕೆ. ಜರ್ಮನರು ನದಿಯಲ್ಲಿ ಮೈನ್ (ನೀರೊಳಗಿನ ಸ್ಫೋಟಕ) ಹಾಕಿದರೆ ಬಂದರು ಸಿಕ್ಕಿಯೂ ಉಪಯೋಗವಿಲ್ಲ ಅಂತ ನೌಕಾಪಡೆಯ ಅಡ್ಮಿರಲ್ ರಾಮ್ಸೆ ಸೆಪ್ಟೆಂಬರ್ ಶುರುವಿನಲ್ಲೇ ಎಚ್ಚರಿಸಿದ್ದರು.