ಶತಮಾನೋತ್ಸವಕ್ಕೆ ಅಡ್ಡಬಂದ ನೂರು ವರ್ಷದ ಕಟ್ಟಡ

ನಮ್ಮೂರಿನ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬಿದ ಸಂತೋಷದಲ್ಲಿ, ಆ ಶಾಲೆಯಲ್ಲಿ ನೂರು ವರ್ಷ ಹಳೆಯದಾಗಿ ಉಳಿದಿದ್ದ ಒಂದೇ ಒಂದು ವಸ್ತುವನ್ನು, ಅಂದರೆ ಕಟ್ಟಡವನ್ನು, ಕೆಡವಿಹಾಕಲಾಯಿತು. ಊರಿನ ಹೆಸರು ಬರೆಯುವ ಅಗತ್ಯವಿಲ್ಲ. ತೀರ್ಥಹಳ್ಳಿಯಿಂದ ಸಾಗರದವರೆಗೆ ಯಾರು ಓದಿದರೂ ಇದು ತಮ್ಮೂರಿನದೇ ಸುದ್ದಿಯೆಂದುಕೊಳ್ಳಲು ಅಡ್ಡಿಯಿಲ್ಲ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದ ಮೇಲೆ ಹಬ್ಬಿದ ಹುರುಪಿನಲ್ಲಿ ಎದ್ದುನಿಂತ ಕಟ್ಟಡ ಅದು. ಆಗ ಮುಂದೆ ಓದಬೇಕೆನ್ನುವ ಹುಡುಗರು ಎ.ವಿ. ಸ್ಕೂಲ್, ಅಂದರೆ ಇಂಗ್ಲಿಷನ್ನೂ ಕನ್ನಡವನ್ನೂ ಕಲಿಸುವ ಆಂಗ್ಲೋ-ವರ್ನಾಕ್ಯುಲರ್ ಶಾಲೆ, ಇರುವ ಪೇಟೆಗೆ ಹೋಗಬೇಕಿತ್ತು. ಕುಪ್ಪಳಿಯಿಂದ ಕುವೆಂಪು ತೀರ್ಥಹಳ್ಳಿಗೆ ಬಂದು ಓದಿದ್ದೂ ಅಂಥದೇ ಶಾಲೆಯಲ್ಲಿ. ಈ ಸಂಗತಿಯನ್ನು ಶತಮಾನೋತ್ಸವದ ಭಾಷಣಕಾರರೆಲ್ಲರೂ ಗದ್ಗದಿತರಾಗಿ ಸ್ಮರಿಸಿದರು. ಕುವೆಂಪು ನಮ್ಮ ಶಾಲೆಗೆ ಕಾಲಿಟ್ಟವರೇ ಅಲ್ಲ ಎಂಬುದನ್ನು ಮಾತ್ರ ಸೌಜನ್ಯಕ್ಕಾಗಿ ಬಿಟ್ಟರು.

ಕಟ್ಟಡದ ಗೋಡೆ ಜಂಬಿಟ್ಟಿಗೆಯದು, ಗಾರೆ ಸುಣ್ಣದ್ದು, ತೊಲೆ ಹೊನ್ನೆ ಮರದ್ದು. ಮೇಲೆ ಕಡಿದಾಗಿ ಇಳಿಯುವ ಮಾಡು, ಅದರ ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಘಟ್ಟದ ಕೆಳಗೂ ಮೇಲೂ ಈ ಹೆಂಚು ಉಳಿದುಕೊಂಡದ್ದು ಚಂದಕ್ಕಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಆಗುಂಬೆಯಿರುವ ಸೀಮೆಯಲ್ಲಿ, ಬಿದ್ದ ನೀರು ಮಾಡಿನ ಮೇಲೆ ನಿಲ್ಲದೆ ಜಾರಿ ಸೂರಿನಿಂದಾಚೆ ಬೀಳಬೇಕು ಎಂಬ ಸರಳ ಲೆಕ್ಕಕ್ಕೆ. ಇಂಥ ಮಾಡು ಕೇಳುವುದು ಒಂದೇ ಸೇವೆ: ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಇಬ್ಬರು ಆಳುಗಳು ಮೇಲೆ ಹತ್ತಿ, ಮಂಗಗಳು ಸರಿಸಿದ ಹೆಂಚನ್ನು ಸ್ವಸ್ಥಾನಕ್ಕೆ ತಂದು, ಒಡೆದದ್ದನ್ನು ಬದಲಿಸಿ ಕೈಯಾಡಿಸಬೇಕು.

ತೊಂದರೆ ಹುಟ್ಟಿದ್ದೇ ಇಲ್ಲಿ. ಹೆಂಚು ಕೈಯಾಡಿಸುವುದಕ್ಕೆ ಶಂಕುಸ್ಥಾಪನೆ ನೆರವೇರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಒಡೆದ ಏಳು ಹೆಂಚಿನ ಪಕ್ಕದಲ್ಲಿ ಗಣ್ಯರ ಹೆಸರು ಕೆತ್ತಿದ ಕರಿಕಲ್ಲನ್ನು ನಿಲ್ಲಿಸುವುದು ಹೇಗೆ? ಆದ್ದರಿಂದ ಆ ಏಳು ಹೆಂಚು ಏಳು ಮಳೆಗಾಲ ಹಾಗೆಯೇ ಇದ್ದವು. ನೀರು ಇಳಿಯಿತು, ಒಂದು ಮೂಲೆಯಲ್ಲಿ ಮಾಡನ್ನು ಹೊತ್ತ ಪಕಾಸಿ ಮರ ಕೊಳೆಯಿತು, ಗಾರೆ ಉದುರಿತು. ಆಮೇಲೆ ಇಂಜಿನಿಯರ್ ಸಾಹೇಬರು ಬಂದು, ಕಾರಿನಿಂದ ಇಳಿಯದೆಯೇ, ಕಟ್ಟಡ ಶಿಥಿಲವಾಗಿದ್ದು ಯಾವ ಕ್ಷಣದಲ್ಲಾದರೂ ಬೀಳಬಹುದೆಂದು ಬರೆದುಕೊಟ್ಟರು. ಹೊರಗೆ ಜೋರು ಮಳೆಯಿತ್ತು, ಅವರನ್ನು ದೂರುವಂತಿಲ್ಲ.

ಯಾವ ಕ್ಷಣದಲ್ಲಾದರೂ ಬೀಳಬೇಕಿದ್ದ ಆ ಕಟ್ಟಡವನ್ನು ಬೀಳಿಸಲು ಜೆಸಿಬಿಗೆ ಮೂರು ದಿನ ಹಿಡಿಯಿತು. ಎರಡನೆಯ ದಿನ ಯಂತ್ರದ ಹಲ್ಲೊಂದು ಮುರಿದು, ಶಿವಮೊಗ್ಗದಿಂದ ಬೇರೆ ಹಲ್ಲು ತರಿಸಬೇಕಾಯಿತು. ಅಲ್ಲಿ ನಿಂತು ನೋಡುತ್ತಿದ್ದ ಹಳೆಯ ಬಡಗಿಯೊಬ್ಬರು, “ಅಲ್ಲ ಮಾರಾಯ್ರೆ, ಶಿಥಿಲ ಆಗಿದ್ದು ಯಾವುದು, ಗೋಡೆಯೋ ಜೆಸಿಬಿಯೋ?” ಎಂದು ಕೇಳಿದ್ದಕ್ಕೆ ಸಮಿತಿಯ ಅಧ್ಯಕ್ಷರು, “ಅಜ್ಜ, ನೀವು ಅಭಿವೃದ್ಧಿಗೆ ಅಡ್ಡ ಬರಬಾರದು” ಎಂದು ವಿನಯದಿಂದಲೇ ತಿಳಿಸಿದರು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರು ತಮ್ಮ ಹಳೆಯದೆಲ್ಲವನ್ನೂ ಹೊಳೆ ನುಂಗಿತೆಂದಾದರೂ ಹೇಳಬಹುದು. ನಮಗೆ ಅಷ್ಟು ಅನುಕೂಲವಿಲ್ಲ.

ಅದೇ ಜಾಗದಲ್ಲಿ ಎದ್ದ ಹೊಸ ಕಟ್ಟಡದ ತಾರಸಿ ಚಪ್ಪಟೆಯಾಗಿದ್ದು, ಮೊದಲನೆಯ ಆಷಾಢದಲ್ಲೇ ಐದನೆಯ ತರಗತಿಯಲ್ಲಿ ಬಕೆಟ್ ಇಡಲಾಯಿತು. ಎರಡನೆಯ ವರ್ಷ ಬಕೆಟ್ಟುಗಳ ಸಂಖ್ಯೆ ಮೇಷ್ಟ್ರುಗಳ ಸಂಖ್ಯೆಯನ್ನು ಮೀರಿತು. ಮೂರನೆಯ ವರ್ಷ ಕಾಂಕ್ರೀಟಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ನೀರು ಜಾರಿಹೋಗಲೆಂದು ಓರೆಯಾಗಿ ತಗಡಿನ ಶೀಟು ಹೊದಿಸಿದರು. ನೂರು ವರ್ಷದ ಹಿಂದೆ ಬಡಗಿಗೆ ಗೊತ್ತಿದ್ದದ್ದನ್ನು ಹೀಗೆ ಪ್ರತ್ಯೇಕ ಅನುದಾನದಲ್ಲಿ ಪುನಃ ಕಂಡುಹಿಡಿಯಲಾಯಿತು. ಈಗ ಮಳೆ ಬಂದರೆ ಒಳಗೆ ಸೋರುವುದಿಲ್ಲ, ಪಾಠವೂ ಕೇಳಿಸುವುದಿಲ್ಲ. ಶೀಟಿಗೂ ಉದ್ಘಾಟನೆಯಾಗಿದೆ, ಅದರ ಕರಿಕಲ್ಲು ಬೇರೆ ಇದೆ.

ಹಳೆಯ ಮರಮುಟ್ಟು, ಬಾಗಿಲು, ಹೆಂಚುಗಳನ್ನು ಹರಾಜಿನಲ್ಲಿ ಕೊಂಡವರು ಹತ್ತಿರದ ಗುಡ್ಡದ ಮೇಲಿನ ಹೋಮ್‌ಸ್ಟೇಯವರು. ಅವರು ಪ್ರತಿ ಹೆಂಚನ್ನೂ ಉಜ್ಜಿ ತೊಳೆದು, ಪ್ರತಿ ತೊಲೆಗೂ ಎಣ್ಣೆ ಹಚ್ಚಿ, “ನೂರು ವರ್ಷದ ಪಾರಂಪರಿಕ ಅನುಭವ” ಎಂಬ ಬೋರ್ಡು ಹಾಕಿ, ಬೆಂಗಳೂರಿನವರನ್ನು ಅದರಡಿಯಲ್ಲಿ ಮಲಗಿಸಿ ಬಾಡಿಗೆ ಪಡೆಯುತ್ತಿದ್ದಾರೆ. ವರ್ಷಕ್ಕೊಮ್ಮೆ ತಪ್ಪದೆ ಹೆಂಚು ಕೈಯಾಡಿಸುತ್ತಾರಂತೆ.

ಸ್ಮರಣಸಂಚಿಕೆಯ ಮುಖಪುಟಕ್ಕೆ ಹಳೆಯ ಕಟ್ಟಡದ ಚಿತ್ರ ಬೇಕಾಗಿ, ಯಾರ ಮನೆಯಲ್ಲೂ ಸಿಗದಾಗ, ಸಮಿತಿಯವರು ಕ್ಯಾಮೆರಾ ಹಿಡಿದು ಅಲ್ಲಿಗೇ ಹೋದರು. ನಾನೂ ಜೊತೆಯಲ್ಲಿದ್ದೆ. ಊಟದ ಮನೆಯ ಬಾಗಿಲವಾಡದಲ್ಲಿ, ಕೈವಾರದ ಮುಳ್ಳಿನಿಂದ ಯಾರೋ ಕೊರೆದ “7ನೇ ಬಿ” ಎಂಬ ಅಕ್ಷರಗಳು ವಾರ್ನಿಷಿನಡಿಯಲ್ಲಿ ಹೊಳೆಯುತ್ತಿದ್ದವು. ಅಧ್ಯಕ್ಷರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ತಾವೇ ಕೊರೆದದ್ದಿರಬೇಕು ಎಂದರು. ಅಷ್ಟರಲ್ಲಿ ಹೊರಗೆ ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಯಾರೋ ಟಣ್ ಟಣ್ ಎಂದು ಬಾರಿಸಿದರು. ನಮ್ಮ ಶಾಲೆಯದೇ ಗಂಟೆ. ಅಧ್ಯಕ್ಷರೂ ಕಾರ್ಯದರ್ಶಿಯೂ ಅಭ್ಯಾಸಬಲದಿಂದ ಅಂಗಳಕ್ಕೆ ಹೋಗಿ ಸಾಲಾಗಿ ನಿಂತರು. ಅದು ಅತಿಥಿಗಳ ತಿಂಡಿಯ ಗಂಟೆಯೆಂದೂ ಕಡುಬು ಮುಂಗಡ ಕಾದಿರಿಸಿದವರಿಗೆ ಮಾತ್ರವೆಂದೂ ಅಡಿಗೆಯವನು ಬಂದು ಹೇಳಿದ.