ನಕಾಶೆ ಕೇಳಿದ ಗವರ್ನರ್

ಹತ್ತೊಂಬತ್ತನೇ ಶತಮಾನದ ಚೀನೀ ಅಧಿಕಾರಿ, ಭೂಗೋಳದ ಪಂಡಿತ ಶು ಜಿಯು ಹೆಸರು ಎಲ್ಲಿ ಬಂದರೂ ಹಿಂದೆಯೇ ವಾಷಿಂಗ್ಟನ್ ಸ್ಮಾರಕದ ಕಲ್ಲು ಬರುತ್ತದೆ. ಸ್ಮಾರಕದ ಒಳಗೋಡೆಯಲ್ಲಿ ಚೀನೀ ಲಿಪಿಯ ಫಲಕವೊಂದಿದೆ. 1853ರಲ್ಲಿ ಚೀನಾದ ನಿಂಗ್ಬೋ ಊರಿನ ಮಿಷನರಿಗಳು ಕೊಟ್ಟದ್ದು. ಅದರಲ್ಲಿರುವುದು ಶು ಅವರ ಮಾತು: ಕತ್ತಿ ಹಿಡಿದು ಅಷ್ಟು ನೆಲ ಗೆದ್ದ ಜಾರ್ಜ್ ವಾಷಿಂಗ್ಟನ್ ರಾಜನಾಗಲಿಲ್ಲ, ಮಕ್ಕಳಿಗೂ ಪಟ್ಟ ಕಟ್ಟಲಿಲ್ಲ, ನಾಯಕನನ್ನು ಜನರೇ ಆರಿಸುವ ಪದ್ಧತಿ ತಂದ. 1998ರಲ್ಲಿ ಬಿಲ್ ಕ್ಲಿಂಟನ್ ಬೀಜಿಂಗ್‌ನಲ್ಲಿ ಇದನ್ನೇ ನೆನೆದರು. ಆದರೆ ಇಂಥ ಮನುಷ್ಯನನ್ನು ಅಮೆರಿಕವನ್ನು ಹೊಗಳಿದವರು ಅಂತ ಮಾತ್ರ ನೆನೆಯುವುದು ಅನ್ಯಾಯ ಅನ್ನುವುದು ನನ್ನ ತಕರಾರು.

ಹುಟ್ಟಿದ್ದು 1795ರಲ್ಲಿ, ಸಮುದ್ರದ ಗಾಳಿಯೇ ಸುಳಿಯದ ಶಾಂಶಿ ಪ್ರಾಂತ್ಯದ ವುತಾಯ್‌ನಲ್ಲಿ. 1826ರಲ್ಲಿ ಅತ್ಯುನ್ನತ ರಾಜಪರೀಕ್ಷೆ ಪಾಸಾಗಿ ಹಾನ್‌ಲಿನ್ ವಿದ್ವತ್ ಪೀಠ ಸೇರಿದರು. ಅಫೀಮು ವ್ಯಾಪಾರದ ಜಗಳದಲ್ಲಿ ಬ್ರಿಟನ್ ಚೀನಾದ ಮೇಲೆ ಮಾಡಿದ ಅಫೀಮು ಯುದ್ಧದ (1839-42) ಹೊತ್ತಿಗೆ ಆಗ್ನೇಯದ ಫುಜಿಯಾನ್ ಪ್ರಾಂತ್ಯದ ಕರಾವಳಿಯಲ್ಲಿ ಅಧಿಕಾರಿ. (ಆ ಅಫೀಮು ಬಿಹಾರ, ಮಾಳವದ ಹೊಲಗಳಲ್ಲಿ ಬೆಳೆದದ್ದು, ನಮ್ಮ ನೆಲದ ಪಾಲೂ ಈ ಕಥೆಯಲ್ಲಿದೆ.) ಇಂಗ್ಲಿಷರ ಹಡಗುಗಳು ಸಾಮ್ರಾಜ್ಯವನ್ನೇ ಮಂಡಿಯೂರಿಸಿದ್ದನ್ನು ಅಲ್ಲೇ ನಿಂತು ನೋಡಿದರು.

1844ರಲ್ಲಿ ಫುಜಿಯಾನ್‌ನ ಬಂದರು ಶಿಯಾಮೆನ್‌ಗೆ ಹೋದಾಗ ಡೇವಿಡ್ ಅಬೀಲ್ ಎಂಬ ಅಮೆರಿಕನ್ ಮಿಷನರಿಯ ಪರಿಚಯವಾಯಿತು. ಆತನ ಹತ್ತಿರ ಒಂದು ಅಟ್ಲಾಸ್ ಇತ್ತು. ಮುಂದೆ ಅದೇ ಪ್ರಾಂತ್ಯದ ಗವರ್ನರ್ ಆಗಲಿದ್ದ, ಐವತ್ತರ ಹತ್ತಿರದ ಪಂಡಿತರು, ಪರದೇಶಿ ಪಾದ್ರಿಯ ಮುಂದೆ ಕೂತು 'ಇದ್ಯಾವ ದೇಶ? ಅದೆಲ್ಲಿದೆ?' ಅಂತ ಕೇಳಿದರು, ನಕಾಶೆಗಳನ್ನು ನಕಲು ಮಾಡಿಸಿಕೊಂಡರು. ಹೊರಗಿನವರಿಂದ ಕಲಿಯುವುದೇನಿದೆ ಎಂದು ನಂಬಿದ್ದ ಅಧಿಕಾರವರ್ಗ ಅದು. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಘಟನೆ ಇದೇ.

ಐದು ವರ್ಷ, ಹತ್ತಾರು ಸಲ ತಿದ್ದಿದ ಕರಡು. ಕೊನೆಗೆ 'ಯಿಂಗ್‌ಹ್ವಾನ್ ಝಿಲ್ಯುಎ', ಹತ್ತು ಸಂಪುಟಗಳ ಲೋಕಭೂಗೋಳ. ಸಿಕ್ಕಿದ್ದನ್ನೆಲ್ಲ ಬರೆದುಬಿಟ್ಟ ಶೂರರು ಅಂತ ತಿಳಿಯಬೇಡಿ. ಚೀನಾ ಏಷ್ಯಾದ ಒಂದು ಮೂಲೆಯಲ್ಲಿದೆ ಅಂತ ಕರಡಿನಲ್ಲಿತ್ತು. ಝಾಂಗ್ ಮು ಎಂಬ ವಿದ್ವಾಂಸ ಗೆಳೆಯ ಎಚ್ಚರಿಸಿದ ಮೇಲೆ, ಏಷ್ಯಾದಲ್ಲಿ ಚೀನಾವೇ ಪ್ರಧಾನ ಅಂತಾಯಿತು. ಇದನ್ನು ಪುಕ್ಕಲುತನ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ಒಂದು ವಾಕ್ಯ ಬಗ್ಗಿಸಿ ಹತ್ತು ಸಂಪುಟ ಉಳಿಸಿಕೊಂಡರು.

ಪುಸ್ತಕ ಉಳಿಯಿತು, ನೌಕರಿ ಉಳಿಯಲಿಲ್ಲ. 1850ರಲ್ಲಿ ಫುಜಿಯಾನ್‌ನ ರಾಜಧಾನಿ ಫುಝೌ ನಗರದೊಳಗಿನ ಶೆಂಗ್ವಾಂಗ್ ದೇವಾಲಯದಲ್ಲಿ ಇಬ್ಬರು ಇಂಗ್ಲಿಷ್ ಮಿಷನರಿಗಳು ಬಾಡಿಗೆಗೆ ಕೋಣೆ ಹಿಡಿದರು. ಕರಾರಿಗೆ ಸ್ಥಳೀಯ ಅಧಿಕಾರಿಯೇ ಮೊಹರು ಒತ್ತಿದ್ದ. ಊರಿನ ಗಣ್ಯರು ಸಿಡಿದೆದ್ದರು. ಮುಂಚೂಣಿಯಲ್ಲಿದ್ದವರು ಯಾರು ಗೊತ್ತೇ? ಲಿನ್ ಝೆಶು! ಅಫೀಮು ಪೆಟ್ಟಿಗೆಗಳನ್ನು ನಾಶಮಾಡಿದ ಆ ವೀರ, ಆಗ ನಿವೃತ್ತರಾಗಿ ಹುಟ್ಟೂರಲ್ಲಿದ್ದರು. ಬಲ ತೋರಿಸಿ ಓಡಿಸಿ ಎಂದರು. ಗವರ್ನರ್ ಶು ಒಪ್ಪಲಿಲ್ಲ. ಮತ್ತೊಂದು ಯುದ್ಧಕ್ಕೆ ನೆಪ ಕೊಡುವುದು ಬೇಡ, ಅವರಾಗಿಯೇ ಜಾಗ ಬಿಡುವಂತೆ ಸದ್ದಿಲ್ಲದೆ ಒತ್ತಡ ಹಾಕೋಣ ಅನ್ನುವುದು ಅವರ ಲೆಕ್ಕ. ಮಿಷನರಿಗಳು ಕೊನೆಗೆ ಅಲ್ಲಿಂದ ಹೋದರು ಕೂಡ. ಅಷ್ಟರಲ್ಲಿ ಶು ಪರದೇಶಿಗಳ ಪಕ್ಷಪಾತಿ ಎಂಬ ದೂರು ಬೀಜಿಂಗ್ ತಲುಪಿತ್ತು. 1851ರಲ್ಲಿ ಹುದ್ದೆ ಹೋಯಿತು.

ಲಿನ್ ಏನೂ ತಿಳಿಯದ ಮೂಢರಾಗಿದ್ದರೆ ಕಥೆ ಸುಲಭವಿತ್ತು. ಶುಗಿಂತ ಮೊದಲೇ ಪಾಶ್ಚಾತ್ಯ ಭೂಗೋಳವನ್ನು ಅನುವಾದ ಮಾಡಿಸಿದವರು ಅವರು. ಆ ಸಾಮಗ್ರಿಯನ್ನು ಬಳಸಿಯೇ ವೆಯ್ ಯುವಾನ್ ಎಂಬ ವಿದ್ವಾಂಸ ಹೊರದೇಶಗಳ ಬಗ್ಗೆ ತನ್ನ ದೊಡ್ಡ ಗ್ರಂಥ ಕಟ್ಟಿದ್ದು. ಹೊರಗಿನ ಲೋಕವನ್ನು ಚೀನಾದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಇಬ್ಬರು, ಒಂದೇ ಊರಲ್ಲಿ, ಎರಡು ಕೋಣೆಗಳ ಬಾಡಿಗೆಗಾಗಿ ಎದುರುಬದುರಾದರು. ಶತ್ರುವಿನ ಬಲ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಜನರ ಸಿಟ್ಟಿನ ಎದುರು ಹೇಳಿ ನಿಂತವರು ಒಬ್ಬರೇ ಅಂತ ನನಗನಿಸುತ್ತದೆ. ನೀವು ಒಪ್ಪದಿರಬಹುದು, ಜಗಳಾಡೋಣ.

ಆಮೇಲೆ ಶು ತಮ್ಮ ಶಾಂಶಿಗೆ ಮರಳಿ ಪಿಂಗ್ಯಾವ್ ಪಟ್ಟಣದಲ್ಲಿ ಮೇಷ್ಟ್ರಾದರು. ಎರಡನೇ ಅಫೀಮು ಯುದ್ಧವೂ ಸೋತ ಮೇಲೆ ಸರ್ಕಾರಕ್ಕೆ ನೆನಪಾಗಿ 1865ರಲ್ಲಿ ವಿದೇಶಾಂಗ ಕಚೇರಿಗೆ ಕರೆಸಿಕೊಂಡಿತು. ಮರುವರ್ಷ ಆ ಕಚೇರಿಯೇ ಅವರ ಪುಸ್ತಕವನ್ನು ಮರುಮುದ್ರಿಸಿತು. ಜಪಾನಿನಲ್ಲಿ ಅದು 1861ರಲ್ಲೇ ಅಚ್ಚಾಗಿತ್ತು.

ಶು ತೀರಿಕೊಂಡ 1873ರಲ್ಲೇ ಮುಂದಿನ ದೊಡ್ಡ ಸುಧಾರಕ ಲಿಯಾಂಗ್ ಚಿಚಾವ್ ಹುಟ್ಟಿದ್ದು. ಹದಿನಾರಕ್ಕೇ ಪ್ರಾಂತೀಯ ಪರೀಕ್ಷೆ ಗೆದ್ದ ಬುದ್ಧಿವಂತ. 1890ರಲ್ಲಿ ಬೀಜಿಂಗ್ ಪರೀಕ್ಷೆಯಲ್ಲಿ ಫೇಲಾಗಿ ಮರಳುವಾಗ ಶಾಂಘೈನಲ್ಲಿ ಈ ಪುಸ್ತಕ ಕೊಂಡು ಓದಿದ ಮೇಲೇ ಭೂಮಿಯ ಮೇಲೆ ಐದು ಖಂಡಗಳಿವೆ ಅಂತ ಆತನಿಗೆ ಗೊತ್ತಾದದ್ದು. ಪರೀಕ್ಷೆಗೆ ಅದು ಬೇಕಿರಲಿಲ್ಲ ನೋಡಿ.