ರ‍್ಯಾಂಪಿನ ಬುಡದಲ್ಲೊಬ್ಬ ಛಾಯಾಗ್ರಾಹಕ

ಚಕ್ರವಿರುವ ಹಲಗೆಯೇರಿ ಜಾರಾಡುವ ಸ್ಕೇಟ್ ಪಾರ್ಕಿನಲ್ಲಿ ಗದ್ದಲ ಮಾಡುವವರು ಹುಡುಗರು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಸಂಜೆ ಮಗಳನ್ನು ಕರೆದುಕೊಂಡು ಹೋಗಿ ಕಾಂಕ್ರೀಟ್ ಕಟ್ಟೆಯ ಮೇಲೆ ಕೂತು ಕಾಯುವ ನಮ್ಮಂಥವರಿಗೆ ಮಾತ್ರ ನಿಜಸ್ಥಿತಿ ಗೊತ್ತು. ಅಲ್ಲಿ ಹದಿಹರೆಯದವರು ಸರದಿ ಕಾಯುತ್ತಾರೆ. ಬಿದ್ದವನು ಎದ್ದು ಬದಿಗೆ ಸರಿಯುವವರೆಗೂ ಮುಂದಿನವನು ಬೋರ್ಡಿನ ಮೇಲೆ ಕಾಲಿಡುವುದಿಲ್ಲ. ಬಾಗಿಲಲ್ಲಿರುವ ನಿಯಮಗಳ ಫಲಕವನ್ನು ಓದುವವರೂ ಅವರೇ. ಶಿಸ್ತಿನ ಗಂಧವೇ ಇಲ್ಲದೆ ನಡೆದುಕೊಳ್ಳುವವರು ಹೆತ್ತವರು. ಅವರಲ್ಲೂ ಒಬ್ಬ ಮಹನೀಯರಿದ್ದಾರೆ. ನಿನ್ನೆ ಮನೆ ಸೇರಿದ ಮೇಲೂ ಅವರ "ಇನ್ನೊಂದು ಸಲ, ಪುಟ್ಟಾ!" ಎಂಬ ಕೂಗು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದುದರಿಂದ, ಇದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ಅವರು ಮಗನ ವಿಡಿಯೊ ಮಾಡುತ್ತಾರೆ. ಮಾಡಲಿ, ಯಾರು ಮಾಡುವುದಿಲ್ಲ? ತಕರಾರಿರುವುದು ಅವರು ನಿಲ್ಲುವ ಜಾಗದ ಬಗ್ಗೆ. ಒಂದು ರ‍್ಯಾಂಪಿನ ಇಳಿಜಾರಿನಲ್ಲಿ ಗಳಿಸಿದ ವೇಗವನ್ನು ಎದುರಿನ ಏರಿನಲ್ಲಿ ಖರ್ಚು ಮಾಡುವುದು, ಇಷ್ಟೇ ಸ್ಕೇಟ್ ಪಾರ್ಕಿನ ಲೆಕ್ಕಾಚಾರ. ಆದ್ದರಿಂದ ಎರಡರ ನಡುವಿನ ಸಮತಟ್ಟು ನೆಲ ಖಾಲಿಯಿರಲೇಬೇಕು. ಹಾಗೆ ಖಾಲಿ ಬಿಟ್ಟ ಜಾಗವನ್ನು ಕಂಡ ಮಹನೀಯರು, ಅದು ಛಾಯಾಗ್ರಾಹಕರಿಗಾಗಿ ಮೀಸಲಿಟ್ಟದ್ದೆಂದು ತೀರ್ಮಾನಿಸಿ, ರ‍್ಯಾಂಪಿನ ಬುಡದಲ್ಲಿ ಮೊಣಕಾಲೂರಿ ಕೂರುತ್ತಾರೆ. ಎಡದಿಂದ ಬಂದವನು ಅವರನ್ನು ಕಂಡು ಬಲಕ್ಕೆ ತಿರುಗುತ್ತಾನೆ, ಬಲದಿಂದ ಬಂದವನು ಬೋರ್ಡು ಬಿಟ್ಟು ಓಡುತ್ತಾನೆ, ಮೇಲೆ ನಿಂತವರು ನಿಂತೇ ಇರುತ್ತಾರೆ. ಇದಾವುದೂ ಅವರ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಇದಾವುದೂ ಅವರ ಫೋನಿನ ಚೌಕಟ್ಟಿನೊಳಗೆ ಬರುವುದಿಲ್ಲ.

ಜೊತೆಗೆ ನಿರ್ದೇಶನವೂ ನಡೆಯುತ್ತದೆ. ಮಗ ಈಗ ಡ್ರಾಪ್ ಇನ್, ಅಂದರೆ ರ‍್ಯಾಂಪಿನ ತುದಿಯಿಂದ ಕೆಳಗಿಳಿಯುವುದನ್ನು, ಕಲಿಯುತ್ತಿದ್ದಾನೆ. ರ‍್ಯಾಂಪಿನ ತುದಿಯಲ್ಲಿ ಅಳವಡಿಸಿರುವ ಲೋಹದ ಕೊಳವೆಯ ಮೇಲೆ ಬೋರ್ಡಿನ ಹಿಂಬದಿಯನ್ನು ಒಂದು ಕಾಲಿನಿಂದ ಅದುಮಿ ಹಿಡಿದಾಗ ಉಳಿದ ಭಾಗ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಇನ್ನೊಂದು ಕಾಲನ್ನು ಮುಂದಿನ ತಿರುಪುಗಳ ಮೇಲಿಟ್ಟು, ಮೈಭಾರವನ್ನೆಲ್ಲ ಒಮ್ಮೆಗೇ ಮುಂದಕ್ಕೆ ಹಾಕಿದರೆ ಮಾತ್ರ ಕ್ಷೇಮವಾಗಿ ಇಳಿಯಲು ಸಾಧ್ಯ. ಹೆದರಿ ಹಿಂದಕ್ಕೆ ವಾಲಿದರೆ ಬೋರ್ಡು ಮುಂದೆ ಚಿಮ್ಮುತ್ತದೆ, ಸವಾರ ಅಂಗಾತ ಬೀಳುತ್ತಾನೆ. ಅಂದರೆ ಬೀಳಬಾರದೆಂದರೆ ಬೀಳಲು ಹೊರಟವನಂತೆಯೇ ಮುಂದಕ್ಕೆ ಬಾಗಬೇಕು. ಜನ್ಮದಲ್ಲಿ ಬೋರ್ಡಿನ ಮೇಲೆ ಕಾಲಿಡದ ಮಹನೀಯರು ಕೆಳಗಿನಿಂದ ಕೂಗುವುದು ಇಷ್ಟೇ: "ಹುಷಾರು! ಮುಂದಕ್ಕೆ ಬಗ್ಗಬೇಡ!" ಆಜ್ಞಾಧಾರಕನಾದ ಮಗ ಬಗ್ಗುವುದಿಲ್ಲ, ಅಂಗಾತ ಬೀಳುತ್ತಾನೆ. ಬಿದ್ದ ಹುಡುಗ ಮೊದಲು ಮೊಣಕೈ ನೋಡಿಕೊಳ್ಳಬೇಕಲ್ಲವೆ? ಇವನು ಅಪ್ಪನ ಫೋನನ್ನು ನೋಡುತ್ತಾನೆ. "ಚೆನ್ನಾಗಿ ಬಂದಿಲ್ಲ, ಇನ್ನೊಂದು ಸಲ, ಪುಟ್ಟಾ!"

ಕಳೆದ ವಾರ ನಡೆದದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. ಎತ್ತರದ ಹುಡುಗನೊಬ್ಬ ಆಯತಪ್ಪಿ ಬಿದ್ದಾಗ, ಸವಾರನಿಲ್ಲದ ಬೋರ್ಡು ರ‍್ಯಾಂಪಿನಿಂದ ನೇರವಾಗಿ ಮಹನೀಯರತ್ತ ಧಾವಿಸಿತು. ಇಂಥ ಹೊತ್ತಿನಲ್ಲಿ "ಬೋರ್ಡ್!" ಎಂದು ಕೂಗಿ ಎಚ್ಚರಿಸುವುದು ಅಲ್ಲಿಯ ಪದ್ಧತಿ. ಹುಡುಗರೆಲ್ಲ ಕೂಗಿದರು. ಕಟ್ಟೆಯ ಮೇಲಿದ್ದ ನಾವೂ ಕೂಗಿದೆವು. ಮಹನೀಯರು ಮಾತ್ರ ಫೋನಿನ ತೆರೆಯ ಮೇಲೆ ಅದು ಕ್ಷಣಕ್ಷಣಕ್ಕೂ ದೊಡ್ಡದಾಗುತ್ತ ಬರುವುದನ್ನು ನೋಡಿ, "ಆಹಾ, ಎಷ್ಟು ಸೊಗಸಾಗಿ ಬರುತ್ತಿದೆ" ಎಂದು ಮುಖವರಳಿಸಿ, ಅದು ಚೌಕಟ್ಟಿನಿಂದ ತಪ್ಪಿಹೋಗದಿರಲೆಂದು ಫೋನನ್ನು ಮೆಲ್ಲನೆ ತಗ್ಗಿಸತೊಡಗಿದರು. ತಗ್ಗಿಸುತ್ತ ತಗ್ಗಿಸುತ್ತ ಪಾದದ ಮಟ್ಟಕ್ಕೆ ತಂದರು. ಅಲ್ಲಿ ಬೋರ್ಡೂ ಕಣಕಾಲೂ ಸೇರಿದವು. ವಿಡಿಯೊದ ಉಳಿದ ಭಾಗದಲ್ಲಿ ಆಕಾಶ ಮಾತ್ರವಿದೆಯೆಂದೂ, ಹಿನ್ನೆಲೆಯಲ್ಲಿ ಮಕ್ಕಳು ಕೇಳಬಾರದ ಒಂದು ಮಾತು ಇದೆಯೆಂದೂ ತಿಳಿದುಬಂತು. ನೆಲದ ಮೇಲೆ ಕೂತು ಕಾಲು ನೀವಿಕೊಳ್ಳುತ್ತ ಅವರು, ಬೋರ್ಡಿಗೆ ಪೆಟ್ಟಾಯಿತೇನೋ ಎಂದು ಗಾಬರಿಯಿಂದ ಓಡಿಬಂದಿದ್ದ ಹುಡುಗನಿಗೆ ಹೇಳಿದ ಮಾತು: "ಇನ್ನೊಂದು ಸಲ ಬಿಡ್ತೀಯಾ?"

ಇಷ್ಟೆಲ್ಲ ಏಕೆಂದು ಕೇಳಿದರೆ ಅವರು ಟೋಕಿಯೊ ಒಲಿಂಪಿಕ್ಸ್ ಎನ್ನುತ್ತಾರೆ. 2021ರಲ್ಲಿ ನಡೆದ ಆ ಕೂಟದಲ್ಲಿಯೇ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿದ್ದು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಳಿಗೆ 13 ವರ್ಷ, ಪಾರ್ಕ್ ವಿಭಾಗದಲ್ಲಿ ಬೆಳ್ಳಿ ಗೆದ್ದ ಕೊಕೊನಾ ಹಿರಾಕಿಗೆ 12. "ನಮ್ಮವನಿಗೆ ಆಗಲೇ ಎಂಟು ತುಂಬಿತು" ಎನ್ನುವಾಗ ಅವರ ಮುಖದಲ್ಲಿ ಸಾಲದ ಕಂತು ಕಟ್ಟಲು ತಡಮಾಡಿದವನ ಕಳವಳ ಕಾಣುತ್ತದೆ.

ಅದೇ ಪಾರ್ಕ್ ವಿಭಾಗದ ಫೈನಲ್‌ನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಗೆಲ್ಲುವಳೆಂದು ಎಲ್ಲರೂ ಎಣಿಸಿದ್ದ 15ರ ಮಿಸುಗು ಒಕಾಮೊಟೊ ಕೊನೆಯ ಸುತ್ತಿನಲ್ಲಿ ಬಿದ್ದು, ಪದಕ ಕಳೆದುಕೊಂಡು, ನಾಲ್ಕನೆಯವಳಾಗಿ ಅಳುತ್ತ ಹೊರಬಂದಾಗ, ಜೊತೆಗೆ ಸ್ಪರ್ಧಿಸಿದ ಹುಡುಗಿಯರೇ ಅವಳನ್ನು ಹೆಗಲ ಮೇಲೆ ಎತ್ತಿಕೊಂಡರು. ಇದನ್ನು ನಾನು ಹೇಳಿದಾಗ ಮಹನೀಯರು, "ನಾಲ್ಕನೆಯದಾ?" ಎಂದಷ್ಟೇ ಕೇಳಿದರು. ಆದರೆ ಇಲ್ಲಿಯ ಮಕ್ಕಳ ರೀತಿಯೂ ಅದೇ. ಅವರು ಚಪ್ಪಾಳೆ ತಟ್ಟುವುದಿಲ್ಲ. ಯಾರಾದರೂ ಹೆದರಿಕೆ ಬಿಟ್ಟು ಮೊದಲ ಸಲ ಇಳಿದರೆ, ತಮ್ಮ ಬೋರ್ಡಿನ ತುದಿಯನ್ನು ನೆಲಕ್ಕೆ ಟಪಟಪನೆ ಕುಟ್ಟುತ್ತಾರೆ. ನನ್ನ ಮಗಳು ಇಳಿದ ದಿನ ಹೆಸರೂ ಗೊತ್ತಿಲ್ಲದ ಹುಡುಗನೊಬ್ಬ ಅವಳ ಎರಡು ಕೈಗಳನ್ನೂ ಹಿಡಿದು, "ಅಕ್ಕಾ, ಜೋರಾಗಿ ಮುಂದಕ್ಕೆ ತುಳಿ, ಅಷ್ಟೇ" ಎಂದಿದ್ದ. ಅವನಿಗಿಂತ ಅವಳು ಗೇಣು ಎತ್ತರವಿದ್ದಳು. ನಮ್ಮ ಕಾಲದಲ್ಲಿ ನಾವೆಲ್ಲ ಬಿದ್ದದ್ದು ರಸ್ತೆಯ ಮೇಲೆ. ಆಗ ಕೇಳಿಸುತ್ತಿದ್ದುದು ಬೈಗುಳವೊಂದೇ.

ಈ ಆಟದವರನ್ನು ದೊಡ್ಡವರು ಅಟ್ಟಾಡಿಸಿದ ಚರಿತ್ರೆ ಸಣ್ಣದಲ್ಲ. 1970ರ ದಶಕದ ಬರಗಾಲದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ನೀರಿಲ್ಲದೆ ಒಣಗಿದ ಈಜುಕೊಳಗಳಿಗೆ ಬೇಲಿ ಹಾರಿ ಇಳಿದು ಆಡಿದರು. ಪೊಲೀಸರು ಬಂದಾಗ ಅದೇ ಬೇಲಿ ಹಾರಿ ಓಡಿದರು. ಇಂದಿನ ಪಾರ್ಕುಗಳ ಬಟ್ಟಲಿನಂಥ ತಗ್ಗುಗಳಾದ ಬೌಲ್‌ಗಳು ಆ ಕೊಳಗಳ ಆಕಾರವನ್ನೇ ಪಡೆದಿವೆ. ನಾರ್ವೆ ದೇಶವಂತೂ 1978ರಿಂದ 1989ರವರೆಗೆ ಸ್ಕೇಟ್‌ಬೋರ್ಡನ್ನೇ ನಿಷೇಧಿಸಿತ್ತು. ಈಗಲೂ ನಗರಗಳಲ್ಲಿ ಕಲ್ಲುಬೆಂಚಿನ ಅಂಚಿಗೆ ಲೋಹದ ಗುಬಟುಗಳನ್ನು ಜಡಿದು ಇವರನ್ನು ದೂರವಿಡುತ್ತಾರೆ. ಮೆಟ್ಟಿಲಿನಿಂದ, ಕಟ್ಟೆಯಿಂದ, ವಾಹನ ನಿಲ್ಲಿಸುವ ಜಾಗದಿಂದ ಓಡಿಸಿ ಓಡಿಸಿ, ಕೊನೆಗೆ "ಇಲ್ಲಿ ಆಡಿಕೊಳ್ಳಿ" ಎಂದು ಒಂದಿಷ್ಟು ಕಾಂಕ್ರೀಟನ್ನು ಕೊಟ್ಟ ನಾವು, ಈಗ ಫೋನು ಹಿಡಿದು ಅದರೊಳಕ್ಕೂ ನುಗ್ಗಿ ಮಧ್ಯದಲ್ಲಿ ಕೂತಿದ್ದೇವೆ.

ಇದನ್ನು ಮಹನೀಯರಿಗೆ ತಿಳಿಹೇಳುವವರು ಯಾರು? ನೀವು ಹೇಳಿ, ನೀವು ಹೇಳಿ ಎಂದು ನಾವು ಕಟ್ಟೆಯ ಮೇಲೆಯೇ ಉಳಿದೆವು. ಹೇಳಿದವನು ಕಡೆಗೆ ಒಬ್ಬ ಮೀಸೆ ಚಿಗುರದ ಹುಡುಗ: "ಅಂಕಲ್, ಬೇಲಿ ಆಚೆಯಿಂದ ಲೈಟಿಂಗ್ ಸಖತ್ತಾಗಿ ಬರುತ್ತೆ." ಮಹನೀಯರು ಆ ಕ್ಷಣವೇ ಹೊರಟರು, ಪಾರ್ಕಿನಲ್ಲಿ ಶಾಂತಿ ನೆಲೆಸಿತು. ಆದರೆ ದೂರದಿಂದ ಮಗನ ಮುಖ ಸ್ಪಷ್ಟವಾಗಿ ಬರಲಿಲ್ಲವಂತೆ. ನಿನ್ನೆ ಗೇಣೆತ್ತರದ ಟ್ರೈಪಾಡೊಂದನ್ನು ತಂದು, ಅದೇ ರ‍್ಯಾಂಪಿನ ಬುಡದಲ್ಲಿ ಫೋನು ಸಿಕ್ಕಿಸಿಟ್ಟು, ತಾವು ಬಂದು ನನ್ನ ಪಕ್ಕದಲ್ಲಿ ಕೂತು ಒಲಿಂಪಿಕ್ಸ್ ವಿಷಯ ತೆಗೆದರು. ಹುಡುಗರು ಒಂದು ಗಳಿಗೆ ಅದನ್ನು ದಿಟ್ಟಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬೋರ್ಡು ಸಮೇತ ಅದರ ಮೇಲಿಂದ ಹಾರತೊಡಗಿದರು. ನೋಡನೋಡುತ್ತಲೇ ಸರದಿಯ ಸಾಲು ಬೆಳೆಯಿತು. ಸಾಲಿನ ಕೊನೆಯಲ್ಲಿ, ಹೆಲ್ಮೆಟ್ ಬಿಗಿಗೊಳಿಸಿಕೊಳ್ಳುತ್ತ, ಪುಟ್ಟ ನಿಂತಿದ್ದ.